ಆಷಾಢದಲ್ಲಿ ಹೊರಡದ ಕಲ್ಲು

18 ಜೂನ್, ಬುಧವಾರ

ಸಿಟ್ಟು ಬಂದಾಗ ಬಾಯಿ ತೆರೆಯಬೇಡಿ, ಬರೆದಿಡಿ, ಬಿ.ಪಿ. ಇಳಿಯುತ್ತದೆ ಎಂದಿದ್ದಾರೆ ಡಾಕ್ಟರು. ಬಾಯಿ ಒಂದನ್ನೇ ಬಂಡವಾಳ ಹಾಕಿ ಮೇಲೆ ಬಂದ ಮನುಷ್ಯನಿಗೆ ಇದು ಅಂಗಡಿ ಮುಚ್ಚು ಅಂದ ಹಾಗೆ. ಒಂದು ಕಾಲಕ್ಕೆ ಗಂಜ್ ಮಾರುಕಟ್ಟೆಯಲ್ಲಿ ಲಾರಿ ಕಾಯುತ್ತಿದ್ದ ಮಹಾಂತಯ್ಯನಿಗೆ ಇವತ್ತು ರಾಯಚೂರಿನ ಹೊರಗೆ ಸ್ವಂತ ಕಲ್ಲು ಪಾಲಿಶ್ ಶೆಡ್ ಇದೆ ಅಂದರೆ, ನಡುವಿನ ದಾರಿಯೆಲ್ಲ ಮಾತಿನ ಮೇಲೆಯೇ ನಡೆದದ್ದು.

ಇವತ್ತು ಅದೇ ಬಾಯಿ ಕೆಡಿಸಿತು. ತೀರಿಕೊಂಡ ಮಾಜಿ ರಾಷ್ಟ್ರಪತಿಗಳಿಗೆ ಉತ್ತರದ ಕಡೆ ರಾಷ್ಟ್ರೀಯ ಸ್ಮಾರಕ ಕಟ್ಟುತ್ತಿದ್ದಾರೆ. ಅದರಲ್ಲೊಂದು ಉದ್ದದ ಗೋಡೆ. ದೇಶದ ಒಂದೊಂದು ಜಿಲ್ಲೆಯಿಂದ ಒಂದೊಂದು ಕಲ್ಲು. ಶರತ್ತು ಏನೆಂದರೆ ಕಲ್ಲನ್ನು ಕೊಂಡು ತರುವ ಹಾಗಿಲ್ಲ. ಒಂದು ಊರು ತನ್ನ ಸಾರ್ವಜನಿಕ ಜಾಗದ ಕಲ್ಲನ್ನು ತಾನಾಗಿ ಕೊಡಬೇಕು, ಗ್ರಾಮಸಭೆಯ ಠರಾವು ಜೊತೆಗಿರಬೇಕು. ಜುಲೈ ಮೂವತ್ತೊಂದರೊಳಗೆ ತಲುಪದಿದ್ದರೆ ಅವರ ಗೋದಾಮಿನಲ್ಲಿ ಬಿದ್ದಿರುವ ಯಾವುದೋ ಕಲ್ಲಿಗೆ ‘ರಾಯಚೂರು’ ಎಂದು ಕೆತ್ತಿ ಕೂರಿಸುತ್ತಾರಂತೆ.

ಸ್ಮಾರಕ ಸಮಿತಿಯ ಜಿಲ್ಲಾ ಸಂಚಾಲಕ ಉದಯಕುಮಾರ ಇವತ್ತಿನ ಸಭೆಯಲ್ಲಿ ಇದನ್ನೆಲ್ಲ ಓದಿ ಹೇಳಿ, ‘ಯಾರು ವಹಿಸಿಕೊಳ್ತೀರಿ?’ ಎಂದ. ಇಡೀ ಸಭೆ ಚಾವಣಿ ನೋಡಿತು. ಸುಮ್ಮನಿರುವ ಸಭೆಯನ್ನು ನನ್ನಿಂದ ನೋಡಲಾಗುವುದಿಲ್ಲ. ‘ಮಸರಕಲ್‌ನಲ್ಲಿ ಅಂಥ ಕಲ್ಲದ. ಊರಿನವರನ್ನ ಒಪ್ಪಿಸೋದು ನನಗ ಬಿಡ್ರಿ’ ಅಂದೆ. ಚಪ್ಪಾಳೆ ಬಿತ್ತು. ಸಂಜೆಯೊಳಗೆ ನಾನೇ ತೂಕದ ಕಟ್ಟೆಯಲ್ಲಿ, ಖಾನಾವಳಿಯಲ್ಲಿ, ಮಠದಲ್ಲಿ ಎಲ್ಲ ಹೇಳಿಯೂ ಆಯಿತು. ಈಗ ಹಿಂದೆ ಸರಿದರೆ ಈ ಊರಲ್ಲಿ ನನ್ನ ಮಾತಿಗೆ ಒಂದು ಕಪ್ ಚಹಾ ಕೂಡ ಹುಟ್ಟುವುದಿಲ್ಲ.

ಲಾಭದ ಕಡೆಗೂ ಒಂದು ಸಾಲು ಬರೆಯಬೇಕಲ್ಲ: ಕಲ್ಲು ತಯಾರು ಮಾಡಿದ ಶೆಡ್ಡಿನ ಹೆಸರು ಅವರ ಪಟ್ಟಿಗೆ ಸೇರುತ್ತದೆ. ಕಲ್ಲಿನ ಪಕ್ಕ ನನ್ನ ಬೋರ್ಡು ಕಾಣುವ ಹಾಗೆ ಒಂದು ಫೋಟೋ ತೆಗೆಸಬೇಕು.

20 ಜೂನ್, ಶುಕ್ರವಾರ

ಮಸರಕಲ್‌ಗೆ ಹೋಗಿ ಬಂದೆ. ಗಬ್ಬೂರು ದಾಟುವಷ್ಟರಲ್ಲಿ ರಸ್ತೆ ನನ್ನ ಸೊಂಟದ ಲೆಕ್ಕ ಚುಕ್ತಾ ಮಾಡಿತ್ತು.

ಊರ ಹೊರಗೆ ಗುಡ್ಡದ ಬುಡದಲ್ಲಿ ಆ ಕಲ್ಲು. ಬೂದಿ ಬಣ್ಣ, ಒಂದು ಸೀಳಿಲ್ಲ. ಹೊಲದಿಂದ ಬರುವ ಹೆಂಗಸರು ತಲೆಯ ಹೊರೆಯನ್ನು ಅದರ ಮೇಲಿಳಿಸಿ, ಪಕ್ಕದಲ್ಲೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ನನಗೆ ಅದರಲ್ಲಿ ಅರ್ಧ ಸಾಕು.

ಪಂಚಾಯಿತಿ ಸದಸ್ಯ ಯಮನೂರಪ್ಪ ಜಾಣ. ‘ಅಯ್ಯನೋರ, ಕಲ್ಲು ಊರಿಂದು. ಊರನ್ನ ಕೇಳ್ರಿ’ ಎಂದ. ಊರು ಅಂದರೆ ಅವನ ಸೋದರತ್ತೆ ಬೂದೆಮ್ಮ ಅಂತ ಆಮೇಲೆ ಗೊತ್ತಾಯಿತು. ಎಪ್ಪತ್ತರ ಮುದುಕಿ. ಕಲ್ಲಿನ ಮೇಲೆ ಕೂತೇ ಪಂಚಾಯಿತಿ ನಡೆಸಿದಳು.

‘ಯಾರ ಸಲುವಾಗಿ ಬೇಕಾಗ್ಯದ?’

‘ರಾಷ್ಟ್ರಪತಿ ಆಗಿದ್ದವ್ರು ಯವ್ವಾ. ತೀರಿಕೊಂಡಾರ. ಅವರ ಸ್ಮಾರಕಕ್ಕ.’

‘ನಮ್ಮೂರಿಗಿ ಬಂದಿದ್ರನು?’

‘ಇಲ್ಲ.’

‘ದೇವದುರ್ಗಕ್ಕರ?’

‘ಇಲ್ಲ ಯವ್ವಾ.’

‘ಮತ್ತ ನಮ್ಮ ಕಲ್ಲು ಯಾಕ? ಅವರೂರಾಗ ಕಲ್ಲಿಲ್ಲನು?’

ದೇಶ, ಏಕತೆ, ಇತಿಹಾಸ, ಜಿಲ್ಲೆಯ ಮರ್ಯಾದೆ, ಎಲ್ಲ ಅಂಗಡಿ ಬಿಚ್ಚಿಟ್ಟೆ. ಒಬ್ಬಾಕೆ ಆಕಳಿಸಿದಳು. ಇನ್ನೊಬ್ಬಾಕೆ ‘ಬಸ್ಸಿನ ಹೊತ್ತಾತೇನ್ರಿ ನಿಮಗ?’ ಎಂದಳು. ಆಗ, ಯಾವ ಶನಿ ನಾಲಿಗೆಯ ಮೇಲೆ ಕೂತಿದ್ದನೋ, ಅಂದುಬಿಟ್ಟೆ:

‘ಯವ್ವಾ, ನಾ ಕಲ್ಲು ಕೇಳಾಕ ಬಂದಿಲ್ಲ. ಹೆಣ್ಣು ಕೇಳಾಕ ಬಂದೀನಿ ಅಂತ ತಿಳಕೋ. ತಾಯಿ ಇಲ್ಲೇ ಇರ್ತಾಳ. ಮಗಳನ್ನ ದೊಡ್ಡ ಮನಿಗಿ ಕೊಡ್ರಿ. ದೇಶದ ಮಂದಿಯೆಲ್ಲಾ ಬಂದು ನಿಮ್ಮೂರ ಮಗಳ ಮಾರಿ ನೋಡ್ತಾರ.’

ಎಲ್ಲರೂ ಎದ್ದು ಕೂತರು. ಬೂದೆಮ್ಮ ಬಾಯೊಳಗಿನ ಎಲೆ ಅಡಿಕೆ ಉಗುಳಿ ಬಂದಳು. ಒಳ್ಳೆಯ ಗುರುತು.

‘ಮನಿತನ ಹೆಂಗದ?’

‘ಬಡವರ ಮನಿಯಾಗ ಹುಟ್ಟಿದವ್ರು. ಅಂಥಾ ಕುರ್ಚಿಗಿ ಏರಿದ ಮ್ಯಾಗೂ ಯಾರೇ ಬರ್ಲಿ, ಎದ್ದು ನಿಂತು ಮಾತಾಡಸ್ತಿದ್ರಂತ.’ ಇದು ಸಮಿತಿಯ ಪುಸ್ತಿಕೆಯಲ್ಲಿತ್ತು.

‘ಬಂದವ್ರಿಗಿ ಎದ್ದು ನಿಲ್ಲಾಂವ ಆದ್ರ ಮನಿತನ ಛಲೋ’ ಎಂದಳು. ‘ಅಲ್ಲಿ ನೆಳ್ಳದನು?’

‘ಭರಪೂರ ನೆಳ್ಳು.’ ಅಲ್ಲಿ ನೆರಳಿದೆಯೋ ಇಲ್ಲವೋ, ನನಗೇನು ಗೊತ್ತು!

ಒಪ್ಪಿದರು. ಠರಾವು ಬರೆದು, ಸಹಿ ಹಾಕಿ, ಕಲ್ಲು ರಾಯಚೂರಿನಿಂದ ಹೊರಡುವ ದಿನ ಕೈಗೆ ಕೊಡುತ್ತೇವೆ ಅಂದರು. ಇವತ್ತಿನ ಜಮಾ: ಒಂದು ಕಲ್ಲು. ಖರ್ಚು: ಗಂಟಲು. ನನ್ನ ಜೀವಮಾನದ ಉತ್ತಮ ಮಾತುಗಳಲ್ಲಿ ಇದೂ ಒಂದು.

24 ಜೂನ್, ಮಂಗಳವಾರ

ಕಲ್ಲು ಕೊಯ್ದು, ಕ್ರೇನಿನಿಂದ ಎತ್ತಿ, ಶೆಡ್ಡಿಗೆ ತಂದಾಯಿತು. ನಾಳೆ ಅಮಾವಾಸ್ಯೆ, ಇವತ್ತೇ ಒಯ್ಯಿರಿ ಎಂದು ಊರವರೇ ಅವಸರ ಮಾಡಿದರು. ಸುಲಭದ ಮಂದಿ.

6 ಜುಲೈ, ಭಾನುವಾರ

ಸುಲಭದ ಮಂದಿ ಎಂದು ಬರೆದ ಕೈ ಮುರಿಯಲಿ.

ಕಲ್ಲಿನ ಮುಂದಿನ ಮುಖ ನಯವಾಗಿತ್ತು. ನಾಳೆ ಕೊನೆಯ ಪಾಲಿಶ್ ಹೊಡೆದು, ಹೆಸರು ಕೆತ್ತಿ, ಬುಧವಾರ ಲಾರಿ ಬಿಡುವುದು ಲೆಕ್ಕ. ನಾನು ಮಾನ್ವಿಗೆ ಒಬ್ಬರ ಮನೆಯ ನೆಲಹಾಸಿನ ತಕರಾರು ಕೇಳಲು ಹೋಗಿದ್ದೆ. ವಾಪಸು ಬಂದರೆ ಶೆಡ್ಡಿನಲ್ಲಿ ಮದುವೆ ಮನೆಯ ವಾಸನೆ!

ಗಬ್ಬೂರಿನ ಬಸ್ಸಿಗೆ ಹೆಂಗಸರ ಹಿಂಡೇ ಬಂದಿತ್ತಂತೆ. ಮುಂದೆ ಬೂದೆಮ್ಮ. ಕಲ್ಲಿಗೆ ಎಣ್ಣೆ ಹಚ್ಚಿದ್ದಾರೆ. ಅರಿಷಿಣ ಬಳಿದಿದ್ದಾರೆ. ಮೇಲೆ ಕುಪ್ಪಸದ ಬಟ್ಟೆ ಹಾಸಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು ಇಟ್ಟು ಉಡಿ ತುಂಬಿದ್ದಾರೆ. ಹಾಡಿದ್ದಾರೆ. ಅತ್ತೂ ಇದ್ದಾರಂತೆ. ಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದಲ್ಲ!

ಕೊನೆಯ ಪಾಲಿಶ್ ಆಗದ ಕಲ್ಲು ಅಂದರೆ ಬಾಯಿ ತೆರೆದ ಕಲ್ಲು. ಎಣ್ಣೆ ಬಿದ್ದರೆ ಕುಡಿಯುತ್ತದೆ. ಮಧ್ಯಾಹ್ನದಿಂದ ಸಂಜೆತನಕ ಕುಡಿದು ಕೂತಿತ್ತು. ನಟ್ಟ ನಡುವೆ ತಾಟಿನಷ್ಟು ಅಗಲದ ಕಲೆ, ಅಂಚಿಗೆ ಹಳದಿ.

‘ಎಣ್ಣೆ ಎಲ್ಲಿಂದ ತಂದ್ರು?’ ಎಂದು ಕೂಗಿದೆ. ಪಾಲಿಶ್ ಮೇಸ್ತ್ರಿ ನೆಲ ನೋಡಿದ. ಹಿಂದಿನಿಂದ ನನ್ನ ಹೆಂಡತಿ ನಾಗರತ್ನಾಳ ದನಿ:

‘ನಾನ ಕೊಟ್ಟೆ. ಶೇಂಗಾ ಎಣ್ಣಿ, ಹೊಸಾದು. ಅವರು ತಂದಿದ್ದು ಸಣ್ಣ ಬಾಟ್ಲಿ, ಸಾಲಲಿಲ್ಲ.’

‘ನಿನಗ ತಲಿ ಅದನು? ಕಲ್ಲಿಗೆ ಎಣ್ಣೆ ತಾಕಬಾರದು ಅಂತ ಇಷ್ಟು ವರ್ಷ ಕೇಳಿಲ್ಲನು?’

‘ಕೇಳೀನಿ. ಹೆಣ್ಣಿಗಿ ಎಣ್ಣಿ ಅರಿಷಿಣ ಬ್ಯಾಡ ಅಂತ ಯಾರೂ ಹೇಳಿಲ್ಲ. ಹೆಣ್ಣು ಅಂದವ್ರು ನೀವ ಅಲ್ರೀ?’

ಬಾಯಿ ಮುಚ್ಚಿದೆ. ಡಾಕ್ಟರು ನೋಡಿದ್ದರೆ ಖುಷಿಪಡುತ್ತಿದ್ದರು.

8 ಜುಲೈ, ಮಂಗಳವಾರ

ಯಮನೂರಪ್ಪ ಬಂದ. ಠರಾವು ತಂದಿರಬೇಕು ಎಂದುಕೊಂಡೆ. ತಂದದ್ದು ಒಂದು ಮಾತು.

‘ಬೀಗರ, ಆಷಾಢ ನಡದದ. ಆಷಾಢದಾಗ ಮಗಳನ್ನ ಗಂಡನ ಮನಿಗಿ ಯಾರರ ಕಳಸ್ತಾರೇನ್ರಿ? ಅತ್ತಿ ಬ್ಯಾಡ ಅಂದಾಳ. ಶ್ರಾವಣ ಬಿದ್ದ ಮ್ಯಾಗ ಠರಾವು ಕೊಡ್ತೀವಿ.’

ಅಯ್ಯನೋರ ಎಂದು ಕೈಮುಗಿಯುತ್ತಿದ್ದವನು ಎರಡೇ ವಾರದಲ್ಲಿ ಬೀಗರ ಎನ್ನುತ್ತಾನೆ! ನಾನು ಯಾರ ಬೀಗ? ಕಲ್ಲಿನ ಬೀಗ?

‘ಯಮನೂರಪ್ಪ, ಅದು ಕಲ್ಲೋ ಮಾರಾಯ. ಮಾತಿಗಿ ಅಂದಿದ್ದೆ.’

‘ನಮಗೂ ಗೊತ್ತದ ಕಲ್ಲಂತ. ನಾವೇನು ಹುಚ್ಚರಲ್ರೀ. ಆದ್ರ ಕಲ್ಲಂತ ಕೇಳಿದ್ರ ನಾವು ಕೊಡ್ತಿದ್ದಿಲ್ಲ. ಹೆಣ್ಣಂತ ಕೇಳಿದ್ರಿ, ಹೆಣ್ಣಂತ ಕೊಟ್ಟೀವಿ. ಮುಂದಿನ ರೀತಿ ರಿವಾಜು ಅದರಂಗ ನಡೀಬೇಕಲ್ರೀ?’

ಇಪ್ಪತ್ತು ವರ್ಷ ವ್ಯಾಪಾರದಲ್ಲಿ ಇಂಥ ವಾದ ನನ್ನ ಕಡೆಯಿಂದಲೇ ಹೊರಟಿದೆ, ನನ್ನ ಕಡೆಗೆ ಬಂದದ್ದು ಇದೇ ಮೊದಲು. ಶ್ರಾವಣ ಶುರು ಇಪ್ಪತ್ತೈದಕ್ಕೆ. ಲಾರಿ ದಾರಿಯಲ್ಲಿ ಎಲ್ಲೂ ಕೆಡದೆ ಹೋದರೆ ಮೂವತ್ತಕ್ಕೆ ತಲುಪಬಹುದು. ಕೆಟ್ಟರೆ ಗೋದಾಮಿನ ಕಲ್ಲಿಗೆ ನಮ್ಮ ಹೆಸರು.

ಹೋಗುವಾಗ ಯಮನೂರಪ್ಪ ಮೇಸ್ತ್ರಿಯ ಹತ್ತಿರ ಅಂದನಂತೆ: ‘ಬೀಗರ ಮನಿಯಾಗ ಚಾದಾಗ ಸಕ್ರಿ ಕಡಿಮಿ.’

9 ಜುಲೈ

ಕಲೆಯ ಮೇಲೆ ಸುಣ್ಣದ ಪುಡಿ, ಥಿನ್ನರ್ ಕಲಸಿ ಮೆತ್ತಿದೆವು. ಮೇಲೆ ಪ್ಲಾಸ್ಟಿಕ್ ಹಾಳೆ. ಪುಡಿ ಎಣ್ಣೆಯನ್ನು ಎಳೆಯಬೇಕು.

11 ಜುಲೈ

ಎಳೆದಿದ್ದು ಸ್ವಲ್ಪ. ಮತ್ತೆ ಮೆತ್ತಿದೆವು.

12 ಜುಲೈ, ಶನಿವಾರ

ಎಣ್ಣೆ ಅರ್ಧ ಹೋಗಿದೆ. ಅರಿಷಿಣ ಜಗ್ಗುತ್ತಿಲ್ಲ. ನಾಗರತ್ನಾ ಚಹಾ ತಂದವಳು ‘ಬಣ್ಣ ಹಿಡದದ, ಸೊಸಿ ಬಾಳ್ವಿ ಛಲೋ ಆಗ್ತದ’ ಅಂದು ನಕ್ಕು ಹೋದಳು. ಮನೆಯಲ್ಲೂ ಆ ಊರಿನ ಪಾರ್ಟಿಯ ಶಾಖೆ ತೆರೆದಿದೆ.

ಉದಯಕುಮಾರ ಬಂದ. ಇಸ್ತ್ರಿ ಅಂಗಿ, ಇಸ್ತ್ರಿ ಮುಖ. ಕಲ್ಲಿನ ಸುತ್ತ ತಿರುಗಿ, ‘ಸರ್, ಇಷ್ಟ್ಯಾಕ ಒದ್ದಾಡ್ತೀರಿ? ಮಾನ್ವಿ ಗೋದಾಮಿನಾಗ ನಿಮ್ಮದ ಬ್ಯಾರೆ ಕಲ್ಲು ಅವಲ್ಲ, ಇದೇ ಬಣ್ಣದವು? ಅದರಾಗ ಒಂದು ಕೊಯ್ಯಿರಿ. ಇಲ್ಲಿಂದ ಅಷ್ಟು ದೂರ ಯಾವ ಮುದುಕಿ ಹೋಗಿ ನೋಡ್ತಾಳ?’ ಎಂದ.

ಮಾತು ಬರಾಬರ್ ಇದೆ. ನನಗೇ ಮೊದಲು ಹೊಳೆಯಬೇಕಿತ್ತು. ನಾಳೆ ಮಾನ್ವಿಗೆ.

13 ಜುಲೈ, ಭಾನುವಾರ. ಮಾನ್ವಿ

ಗೋದಾಮಿನ ಕಲ್ಲು ನೋಡಿದೆ. ಅದೇ ಬೂದಿ, ಅದೇ ಹರಳು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ನಾನೇ ಗುರುತು ಹಿಡಿಯಲಾರೆ. ಸುತ್ತಿಗೆಯಿಂದ ಬಡಿದೆ, ಗಂಟೆಯ ಹಾಗೆ ನಾದ. ನೀರು ಹಾಕಿ ನೋಡಿದೆ, ಸೀಳಿಲ್ಲ. ತಪ್ಪು ಹುಡುಕುತ್ತಾ ಮಧ್ಯಾಹ್ನದ ತನಕ ಬಿಸಿಲಲ್ಲಿ ಕೂತೆ.

ಯಾಕೋ ಸರಿ ಬರಲಿಲ್ಲ. ಒಂದು ಮೂಲೆಯಲ್ಲಿ ಬಣ್ಣ ಸ್ವಲ್ಪ ತಣ್ಣಗಿದೆ ಅನ್ನಿಸಿತು. ಕಾವಲುಗಾರ ‘ಎಲ್ಲಿ ಸಾವುಕಾರ್ರ?’ ಎಂದ. ‘ನಿನಗ ಕಾಣಂಗಿಲ್ಲ’ ಎಂದೆ. ನನಗೂ ಕಾಣಲಿಲ್ಲ. ವಾಪಸು ಬಂದೆ.

17 ಜುಲೈ, ಗುರುವಾರ

ಮಸರಕಲ್‌ಗೆ ಹೋದದ್ದು ಜಗಳಕ್ಕೆ. ಶ್ರಾವಣದ ತನಕ ಕಾಯಲಾಗದು, ಈಗಲೇ ಠರಾವು ಕೊಡಿ ಎಂದು ಬೈದು ತರಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಬೀಗರು ಬಂದರು ಎಂದು ಹೋಳಿಗೆ ಮಾಡಿಬಿಟ್ಟರು. ಬಾಯಿ ತುಂಬಾ ಹೋಳಿಗೆ ಇಟ್ಟುಕೊಂಡು ಯಾರು ಬೈಯಲು ಸಾಧ್ಯ? ಸುತ್ತ ಕೂತವರು ಒಬ್ಬೊಬ್ಬರಾಗಿ ಕೇಳಿದರು. ಅಲ್ಲಿ ಚಳಿ ಭಾಳಂತಲ್ಲ? ಮಂಗ ಹತ್ತುತ್ತವಾ? ರಾತ್ರಿ ದೀಪ ಹಾಕುತ್ತಾರಾ? ಮಂದಿ ಕಾಲಿಟ್ಟು ತುಳಿಯುವ ಜಾಗವಲ್ಲ ತಾನೇ?

‘ತುಳಿಯಂಗಿಲ್ಲ. ಗ್ವಾಡಿಯಾಗ ನಿಲ್ಲಸ್ತಾರ. ಎದಿ ಎತ್ತರಕ್ಕ’ ಅಂದೆ.

ಆಮೇಲೆ ಬೂದೆಮ್ಮನ ಜೊತೆ ಉಳಿದ ಅರ್ಧ ಕಲ್ಲಿನ ತನಕ ನಡೆದೆ. ಕೊಯ್ದ ಕಡೆಯ ಚೂಪು ಅಂಚು ಕೈಗೆ ಹತ್ತಬಾರದೆಂದು ಹೆಂಗಸರು ಅಲ್ಲಿಗೆ ಹಳೆಯ ಚೀಲ ಸುತ್ತಿದ್ದರು. ಹೊರೆ ಇಲ್ಲದಿದ್ದರೂ ಆಕೆ ಕೂತಳು.

‘ನನ್ನ ಲಗ್ನ ಆಗಿ ಚೀಕಲಪರ್ವಿಗಿ ಕೊಟ್ಟಿದ್ರು ಅಯ್ಯನೋರ, ಹೊಳಿ ದಂಡಿಗಿ. ಆಷಾಢದಾಗ ಕಳಿಸಿದ್ರು. ಬಿತ್ತೂ ಹೊತ್ತು, ಕೈ ಬೇಕಾಗಿದ್ವು ಅವರಿಗಿ. ಉಡಿ ತುಂಬಲಿಲ್ಲ, ಹಾಡಲಿಲ್ಲ. ಎತ್ತಿನ ಗಾಡ್ಯಾಗ ಬೀಜದ ಚೀಲದ ಜೋಡಿ ಕೂಡ್ರಿಸಿ ಕಳಿಸಿದ್ರು. ಮುಂದ ನಾ ತಿರುಗಿ ಬಂದೆ ಅದು ಬ್ಯಾರೆ ಮಾತು. ಆದ್ರ ಹಂಗ ಕಳಸಬಾರದು.’

ನಾನು ಎಷ್ಟೊಂದು ಮಾತು ಜೋಡಿಸಿಕೊಂಡು ಹೋಗಿದ್ದೆ. ಕಲೆಯ ವಿಷಯವೂ ಹೇಳಲಿಲ್ಲ. ಇವತ್ತಿನ ಜಮಾ: ಆರು ಹೋಳಿಗೆ. ಖರ್ಚು: ಇಡೀ ದಿನ. ನಾಡಿದ್ದು ಸ್ಮಾರಕದ ಎಂಜಿನಿಯರ್ ಪರೀಕ್ಷೆಗೆ ಬರುತ್ತಾರೆ.

18 ಜುಲೈ

ಕೇಳದೆ ಹೇಳದೆ ಉದಯಕುಮಾರ ಮಾನ್ವಿಯ ಕಲ್ಲನ್ನು ಶೆಡ್ಡಿಗೆ ತರಿಸಿ, ಕೊಯ್ಯಿಸಿ, ಅಳತೆಗೆ ಸರಿಯಾಗಿ ನಿಲ್ಲಿಸಿ ಹೋಗಿದ್ದಾನೆ. ನನ್ನ ಶೆಡ್ಡು, ನನ್ನ ಕಲ್ಲು, ನನ್ನ ಮೇಸ್ತ್ರಿ! ‘ನೀವು ಹೇಳೀರಿ ಅಂದ್ರು’ ಎಂದ ಮೇಸ್ತ್ರಿ. ನಾನು ಬೇಡ ಎಂದೂ ಅನ್ನಲಿಲ್ಲ. ಹಿಟ್ಟಿನಂಥ ನುಣುಪು. ಅಕ್ಕಪಕ್ಕ ಎರಡು ಕಲ್ಲು: ಒಂದು ನಿಷ್ಕಳಂಕ, ಒಂದಕ್ಕೆ ಹೊಟ್ಟೆಯ ಮೇಲೆ ಅರಿಷಿಣ.

19 ಜುಲೈ, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಆಮೇಲೆ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಎಂಜಿನಿಯರ್ ವಿಶಾಖಾ ಮೇಡಂ. ವಿಜಯಪುರದ ಕಡೆಯ ಹೆಣ್ಣುಮಗಳು, ವಯಸ್ಸು ಕಡಿಮೆ, ಕಣ್ಣು ಕಡಿಮೆಯಿಲ್ಲ. ಕಲೆಯ ಮೇಲೆ ಬೆರಳಾಡಿಸಿ, ಮೂಗಿಗೆ ಹಿಡಿದು, ‘ಅರಿಷಿಣ?’ ಎಂದರು.

‘ಹೌದ್ರಿ.’

‘ಎಣ್ಣೀನೂ ಅದ. ಬಿಸಿಲಿಗಿ ಹೊರಗ ಬರ್ತದ, ಗ್ವಾಡಿ ಕೆಡಸ್ತದ. ಇದನ್ನ ತಗೊಳ್ಳಾಕ ಆಗಂಗಿಲ್ಲ.’

ಉದಯಕುಮಾರ ಮುಂದೆ ಬಂದ. ‘ಅದು ಮೊದಲಿನ ತುಂಡು ಮೇಡಂ. ಇಲ್ಲದ ನೋಡ್ರಿ ಎರಡನೇದು. ಅದೂ ಮಸರಕಲ್‌ದ.’

ಮೇಡಂ ಅದನ್ನು ನೋಡಿದರು. ಬಡಿದರು. ಖುಷಿಯಾದರು. ಪೆನ್ನು ತೆಗೆದು, ಸುಮ್ಮನೆ ಕೇಳಬೇಕಲ್ಲ ಎಂದು ನನ್ನ ಕಡೆ ತಿರುಗಿದರು: ‘ಎರಡೂ ಒಂದ ಊರಿನವ ಅಲ್ಲ ಮಹಾಂತಯ್ಯನವರ?’

ಇಪ್ಪತ್ತು ವರ್ಷ ಮಾತು ಮಾರಿದ ನಾಲಿಗೆ. ‘ಹೌದು’ ಎಂಬುದು ಅದಕ್ಕೆ ಉಸಿರಾಟದಷ್ಟು ಸಲೀಸು.

‘ಅಲ್ಲ’ ಅಂದೆ.

ಉದಯಕುಮಾರನ ಇಸ್ತ್ರಿ ಮುಖದಲ್ಲಿ ಮೊದಲ ಬಾರಿ ಮಡಿಕೆ ಕಂಡಿತು. ಮೇಡಂ ಪೆನ್ನು ಮುಚ್ಚಿದರು. ಹೊರಗೆ ಮೇಸ್ತ್ರಿ ಮಷೀನು ನಿಲ್ಲಿಸಿದ. ನಾನು ಯಾಕೆ ಹಾಗಂದೆ? ಆ ಮುದುಕಿ ಎಂದಾದರೂ ಬಸ್ಸು ಹತ್ತಿ ಅಲ್ಲಿತನಕ ಹೋಗಿ ನೋಡಿಬಿಟ್ಟರೆ ಎಂಬ ಹೆದರಿಕೆಯಿಂದ, ಅಷ್ಟೇ. ಎಂಥವಳು ಅಂತ ಯಾರು ಕಂಡಿದ್ದಾರೆ, ಹೋದರೂ ಹೋದಳು.

‘ಹಂಗಾದ್ರ ರಾಯಚೂರಿಂದು ಮುಗೀತು’ ಎಂದರು ಮೇಡಂ. ‘ಗೋದಾಮಿನ ಕಲ್ಲ ಹಾಕಬೇಕು.’

ಆಗ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ತಲೆ ನೆಟ್ಟಗೆ ಓಡುತ್ತದೆ, ಇದು ಡಾಕ್ಟರಿಗೆ ಗೊತ್ತಿಲ್ಲ.

‘ಮೇಡಂ, ಕಲ್ಲಿಗಿ ಮಾರಿ ಯಾವುದು, ಬೆನ್ನು ಯಾವುದು?’

‘ಅಂದ್ರ?’

‘ನಾವು ಪಾಲಿಶ್ ಹೊಡದದ್ದಕ್ಕ ಇದು ಮಾರಿ. ಹಿಂದಿನ ಕಡಿ ಹೊಡದ್ರ ಅದು ಮಾರಿ. ಎಣ್ಣಿ ಬೆರಳಿನಷ್ಟೂ ಒಳಗ ಇಳದಿಲ್ಲ. ಕಲೆ ಇರೋ ಕಡಿ ಗ್ವಾಡಿ ಕಡಿ ಮಾಡಿ ನಿಲ್ಲಸ್ರಿ. ಯಾರಿಗಿ ಕಾಣ್ತದ?’

ಮೇಡಂ ಹಿಂದೆ ಹೋಗಿ ಒರಟು ಮುಖ ನೋಡಿದರು, ದಪ್ಪ ಅಳೆದರು, ಯಾರಿಗೋ ಫೋನು ಮಾಡಿದರು. ಕಲ್ಲನ್ನು ಗೋಡೆಗೆ ಅಂಟಿಸುವುದಿಲ್ಲ, ಉಕ್ಕಿನ ಕೊಂಡಿಯ ಮೇಲೆ ನಿಲ್ಲಿಸುತ್ತಾರೆ, ಹಿಂದೆ ಗಾಳಿಯಾಡಲು ಸಂದು ಇರುತ್ತದಂತೆ, ಹಾಗಾಗಿ ನಡೆಯುತ್ತದೆ. ‘ಆದ್ರ ಹೊಸ ಮಾರಿಗಿ ಒಂದು ಹನಿ ಎಣ್ಣಿ ಬಿದ್ರೂ...’

‘ಬಿದ್ರ ನನ್ನನ್ನ ಗ್ವಾಡಿಗಿ ನಿಲ್ಲಸ್ರಿ.’

ಹೋಗುವಾಗ ಮೇಡಂ ಕಲೆಯ ಕಡೆ ಇನ್ನೊಮ್ಮೆ ನೋಡಿ, ‘ಉಡಿ ತುಂಬಿದ್ರೇನು?’ ಎಂದರು. ನಾನು ಹೇಳಿಯೇ ಇರಲಿಲ್ಲ.

20 ಜುಲೈ, ಭಾನುವಾರ

ಒಂದು ತಲೆನೋವು ಇಳಿಸಿದರೆ ಇನ್ನೊಂದು. ‘ದೇಶದ ಮಂದಿ ನಿಮ್ಮ ಮಗಳ ಮಾರಿ ನೋಡ್ತಾರ’ ಎಂದು ಮಾತು ಕೊಟ್ಟವನು ನಾನೇ. ಈಗ ಆ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದೇವೆ. ಹೇಳದೆ ಕಳಿಸಬಹುದಿತ್ತು. ನಾಗರತ್ನಾ ‘ಹೇಳ್ರಿ’ ಎಂದಳು, ತಾನೂ ಬಂದಳು.

ಹೇಳಿದೆ. ಎಣ್ಣೆ ಹೀರಿದ್ದು, ಕಲೆ ಉಳಿದದ್ದು, ತಿರುಗಿಸಿದ್ದು. ಅಲಂಕಾರ ಹಾಕಲಿಲ್ಲ. ಯಮನೂರಪ್ಪ ಎದ್ದು ನಿಂತ.

‘ಮಾರಿ ಗ್ವಾಡಿ ಕಡಿ ಮಾಡಿ ನಿಲ್ಲಸ್ತೀರಾ? ನಮ್ಮ ಮಗಳೇನು ತಪ್ಪು ಮಾಡ್ಯಾಳ್ರಿ? ಸಾಲ್ಯಾಗ ಮಾಸ್ತರು ನಿಲ್ಲಸ್ದಂಗ?’ ಸುತ್ತ ಗದ್ದಲ. ಒಬ್ಬ ಠರಾವು ಹರಿಯಿರಿ ಎಂದ. ಒಬ್ಬ ಕಲ್ಲು ವಾಪಸು ತರೋಣ ಎಂದ.

ಬೂದೆಮ್ಮ ಎಲ್ಲರನ್ನೂ ಒದರಲು ಬಿಟ್ಟು, ಕೊನೆಗೆ ಅಂದಳು: ‘ಸುಮ್ಕ ಕೂಡ್ರಲೇ. ಮಾರಿ ಹೊರಗ ಅದ. ಗ್ವಾಡಿ ಕಡಿ ಇರೋದು ಉಡಿ. ಉಡಿ ಯಾರರ ಮಂದಿಗಿ ತೋರಿಸ್ಕೋತ ನಿಲ್ತಾರನು? ಒಳಗ ಹಿಡಕೊಂಡು ನಿಲ್ತಾರ.’

ಗದ್ದಲ ನಿಂತಿತು. ನಾಗರತ್ನಾ ಸೆರಗು ಸರಿಮಾಡಿಕೊಂಡಳು. ಇಷ್ಟು ವರ್ಷ ಮಾತು ಮಾರಿದವನಿಗೆ ಇಂಥ ಒಂದು ವಾಕ್ಯ ಸಿಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

25 ಜುಲೈ, ಶುಕ್ರವಾರ

ಶ್ರಾವಣ ಬಿತ್ತು. ಹೊಸ ಮುಖಕ್ಕೆ ಕನ್ನಡಿಯಂಥ ಪಾಲಿಶ್. ‘ರಾಯಚೂರು’ ಎಂದು ಕೆತ್ತಿದೆವು. ಲಾರಿ ಡ್ರೈವರ್ ಅಲ್ಲಾಉದ್ದೀನ್ ಬೆಳಿಗ್ಗೆ ಎಂಟಕ್ಕೆ ತಯಾರು. ಹೊರಟದ್ದು ಹನ್ನೆರಡಕ್ಕೆ.

ಶೆಡ್ಡಿನ ಸುತ್ತ ಹಗ್ಗ ಕಟ್ಟಿಸಿದ್ದೆ. ಬಂದ ಪ್ರತಿ ಹೆಂಗಸಿನ ಚೀಲ ನೋಡಿ ಎಣ್ಣೆಯ ಬಾಟಲಿ ಹೊರಗಿಡಿಸಲು ನಾಗರತ್ನಾಳನ್ನೇ ನಿಲ್ಲಿಸಿದೆ, ಕಳ್ಳಿಯನ್ನೇ ಕಾವಲಿಗೆ. ಎಣ್ಣೆ ಸಿಗಲಿಲ್ಲ. ಅಳು ತಡೆಯಲು ಆಗಲಿಲ್ಲ. ಒಬ್ಬಾಕೆ ಶುರು ಮಾಡಿದಳು, ಎಲ್ಲರೂ ಹಿಡಿದರು. ಅಲ್ಲಾಉದ್ದೀನ್ ಸ್ಟೇರಿಂಗ್ ಮೇಲೆ ಕೈಯಿಟ್ಟು ಕೂತಿದ್ದ. ‘ಹಾರ್ನ್ ಹೊಡೀಲಾ ಸಾವುಕಾರ್ರ?’ ಎಂದ. ‘ಹೊಡದ್ರ ನೋಡು ಮಗನ’ ಎಂದೆ.

ಯಮನೂರಪ್ಪ ಠರಾವು ಕೈಗಿತ್ತ. ಬೂದೆಮ್ಮ ಅಲ್ಲಾಉದ್ದೀನನಿಗೆ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕೊಟ್ಟು, ‘ತಮ್ಮಾ, ತಗ್ಗಿನ್ಯಾಗ ಸಾವಕಾಶ’ ಎಂದಳು.

ಲಾರಿ ಬೈಪಾಸ್ ತಿರುಗಿದ ಮೇಲೆ ನೆನಪಾಯಿತು: ಬೋರ್ಡಿನ ಜೊತೆ ಫೋಟೋ ತೆಗೆಸಲೇ ಇಲ್ಲ! ಇಷ್ಟು ದಿನ ಕಾದದ್ದು ಅದಕ್ಕೇ ಅಲ್ಲವೇ? ಹೆಂಗಸರ ಗಲಾಟೆಯಲ್ಲಿ ಎಲ್ಲ ಕೆಟ್ಟಿತು.

27 ಜುಲೈ, ಭಾನುವಾರ

ಅಲ್ಲಾಉದ್ದೀನನಿಗೆ ಫೋನು ಮಾಡಿದೆ. ನಾಗಪುರ ದಾಟಿದ್ದಾನೆ. ಹಿಂದೆ ಧೋ ಎಂಬ ಸದ್ದು.

‘ಮಳೀನು?’

‘ಭಾಳ ಮಳಿ ಸಾವುಕಾರ್ರ.’

‘ತಾಡಪತ್ರಿ ಮುಚ್ಚೀಯನು?’

‘ಸಾವುಕಾರ್ರ, ಕಲ್ಲದ ಅದು. ಮಳಿಗಿ ಏನಾಗ್ತದ?’

‘ನನಗ ಕಲಸಬ್ಯಾಡ. ಬದಿಗಿ ನಿಲ್ಲಿಸಿ ಮುಚ್ಚು.’

‘ಗುಡ್ಡದ ಬುಡಕ ಎಷ್ಟು ಮಳಿಗಾಲ ನೆನದದ್ರಿ ಅದು...’

‘ಮುಚ್ಚು ಅಂದ್ರ ಮುಚ್ಚಲೇ!’

ಮುಚ್ಚಿದ್ದಾನೆ. ಫೋಟೋ ಕಳಿಸು ಅಂದೆ, ಕಳಿಸಿದ. ಒಂದು ಕಡೆ ಹಗ್ಗ ಸಡಿಲ. ಮತ್ತೆ ಫೋನು ಮಾಡಿದೆ. ಈಗ ಎತ್ತುತ್ತಿಲ್ಲ. ಇಂಥ ಡ್ರೈವರುಗಳ ಕೈಯಲ್ಲಿ ಕಳಿಸುವುದು ನನ್ನದೇ ತಪ್ಪು.

29 ಜುಲೈ. ಪಂಚಮಿ

ಮಸರಕಲ್‌ನಿಂದ ಬೀಗರ ಮನೆಗೆ ಉಂಡಿ ಬಂದವು. ಎಳ್ಳಿನವು, ಶೇಂಗಾದವು, ಪುಟಾಣಿ ಕಡಲೆಯವು, ಒಂದು ಪಾತೇಲಿ ತುಂಬಾ. ಬಿ.ಪಿ. ಜೊತೆ ಸಕ್ಕರೆಯೂ ಏರಲಿ ಎಂದು. ನಾಗರತ್ನಾ ಬರಿ ಪಾತೇಲಿ ವಾಪಸು ಕಳಿಸಬಾರದು ಎಂದು ಬೂದೆಮ್ಮನಿಗೆ ಒಂದು ಇಳಕಲ್ ಸೀರೆ ಇಟ್ಟಳು. ಬಣ್ಣ ಸರಿಯಿರಲಿಲ್ಲ. ನಾನೇ ಅಂಗಡಿಗೆ ಹೋಗಿ ಬೇರೆ ತಂದೆ.

30 ಜುಲೈ, ಬುಧವಾರ

ತಲುಪಿತು. ಒಪ್ಪಿಕೊಂಡರು. ರಶೀದಿ ಬಂತು.

4 ಆಗಸ್ಟ್, ಸೋಮವಾರ

ನಿಲ್ಲಿಸಿದ್ದಾರೆ. ವಿಶಾಖಾ ಮೇಡಂ ಫೋಟೋ ಕಳಿಸಿದರು. ಎದೆ ಎತ್ತರ, ಬೆಳಗಿನ ಬಿಸಿಲು ಓರೆಯಾಗಿ ಬಿದ್ದಿದೆ. ನೆರಳಿಗೆ ಎದುರಿಗೊಂದು ಬೇವಿನ ಗಿಡ ಕೂಡ ಇದೆ, ಅದೃಷ್ಟ. ಯಮನೂರಪ್ಪನಿಗೆ ಕಳಿಸಿದೆ. ತಕ್ಷಣ ಫೋನು ಬಂತು, ಬೂದೆಮ್ಮನ ದನಿ:

‘ಛಲೋ ನಿಂತಾಳ. ಈ ಕಡಿ ಇರಾಕಿ ಯಾರು?’

‘ಅಸ್ಸಾಮಿನ ಕಡಿದು ಯವ್ವಾ. ಕೆಂಪು ಕಲ್ಲು.’

‘ಆ ಕಡಿ?’

ಫೋಟೋ ದೊಡ್ಡದು ಮಾಡಿ ನೋಡಿದೆ. ಆ ಕಡೆ ಖಾಲಿ. ಉಕ್ಕಿನ ಕೊಂಡಿಗಳು ಮಾತ್ರ, ಗಾಳಿಗೆ ತೆರೆದುಕೊಂಡು. ‘ಕೇಳಿ ಹೇಳ್ತೀನಿ’ ಎಂದು ಇಟ್ಟೆ.

ಮೇಡಂಗೆ ಫೋನು ಮಾಡಿದೆ. ‘ಪಕ್ಕದ ಜಾಗ ಯಾಕ ಖಾಲಿ ಅದ?’

ಮೇಡಂ ನಕ್ಕರು. ಉತ್ತರದ ಕಡೆಯ ಯಾವುದೋ ಜಿಲ್ಲೆಯ ಕಲ್ಲು ಬಂದಿಲ್ಲವಂತೆ. ವಹಿಸಿಕೊಂಡವನಿಗೆ ಊರಿನವರನ್ನು ಒಪ್ಪಿಸಲಾಗಲಿಲ್ಲವಂತೆ. ಗಡುವು ದಾಟಿದರೂ ಇನ್ನೊಂದು ವಾರ ನೋಡಿ, ಬರದಿದ್ದರೆ ಗೋದಾಮಿನದು ಹಾಕುತ್ತಾರಂತೆ.

‘ಗೋದಾಮಿಂದು ಹಾಕಬ್ಯಾಡ್ರಿ. ಅದು ಎಲ್ಲಿಂದೋ, ಯಾರದೋ. ಆ ಮನುಷ್ಯಾಂದು ನಂಬರ್ ಕೊಡ್ರಿ, ನಾ ಮಾತಾಡ್ತೀನಿ.’

‘ಹಿಂದಿ ಬರ್ತದೇನ್ರಿ ನಿಮಗ?’

‘ದಖನಿ ಬರ್ತದ. ಅದನ್ನ ಸ್ವಲ್ಪ ಇಸ್ತ್ರಿ ಮಾಡ್ತೀನಿ.’

ನಂಬರ್ ಕೊಟ್ಟರು. ಶೆಡ್ಡಿನಲ್ಲಿ ಎರಡು ಲೋಡು ಕಾಯುತ್ತಿವೆ, ಮೇಸ್ತ್ರಿ ಎರಡು ಸಲ ಬಂದು ಹೋದ. ನಾನಿಲ್ಲಿ ಕುರ್ಚಿಯಲ್ಲಿ ಕೂತು ಮಧ್ಯಾಹ್ನದಿಂದ ಡಯಲ್ ಮಾಡುತ್ತಿದ್ದೇನೆ. ಒಮ್ಮೆ ಬ್ಯುಸಿ, ಒಮ್ಮೆ ಎತ್ತುವುದೇ ಇಲ್ಲ. ಎಂಥ ಬೇಜವಾಬ್ದಾರಿ ಮನುಷ್ಯ! ಪಕ್ಕದಲ್ಲಿ ಒಬ್ಬಾಕಿ ಪರ ಊರಲ್ಲಿ ಒಂದು ಕಡೆ ಖಾಲಿ ಇಟ್ಟುಕೊಂಡು ನಿಂತಿದ್ದಾಳೆ ಅನ್ನುವ ಖಬರಾದರೂ ಬೇಡವೇ ಇವನಿಗೆ?